ಕಿವಿಗೆ ಹಿಡಿದು ಅಲ್ಲಾಡಿಸಿದ ಎಸ್‌ಎಂಪಿಎಸ್

ಕಂಪ್ಯೂಟರು ಪೂರ್ತಿ ಸಾಯುವುದಿಲ್ಲ. ಅದರ ಒಂದು ಅಂಗ ಹೋಗುತ್ತದೆ. ಆ ಅಂಗ ತಂದು ಜೋಡಿಸಿದರೆ ಎದ್ದು ಕೂರುತ್ತದೆ. ತಿಪಟೂರಿನಲ್ಲಿ ಭೌತಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಮಾಡಿದ ನನಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಶೆಟ್ಟಿಕೆರೆಯ ನಮ್ಮ ಮನೆಯ ಹದಿನೈದು ವರ್ಷದ ಡೆಸ್ಕ್‌ಟಾಪು ಒಂದು ಬೆಳಿಗ್ಗೆ ಗುಂಡಿ ಒತ್ತಿದರೂ ಕಣ್ಣು ಬಿಡಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಅದರ ಹೊಟ್ಟೆಯಲ್ಲಿ ಏನೇನಿದೆ ಎಂದು ನೋಡುವ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು. ನನ್ನ ಹೆಂಡತಿ ಗಿರಿಜಾಳ ಮುಖ ಮಾತ್ರ ಬಿಳುಚಿಕೊಂಡಿತು.

ಕಾರಣವಿತ್ತು. ಒಂಬತ್ತು ವರ್ಷಗಳಿಂದ ಆಕೆ ಕೆಂಕೆರೆ, ಹುಳಿಯಾರಿನ ಸುತ್ತಿನ ಹಟ್ಟಿಗಳಿಗೆ ಹೋಗಿ, ಅಜ್ಜಿಯರ ಪಕ್ಕ ಕೂತು, ಸೋಬಾನೆ ಹಾಡುಗಳನ್ನು ಬರೆದುಕೊಂಡು ಬಂದು ಈ ಕಂಪ್ಯೂಟರಿನಲ್ಲಿ ಟೈಪು ಮಾಡಿದ್ದಳು. ಹಾಡಿದವರಲ್ಲಿ ಮೂವರು ಈಗಿಲ್ಲ. ಬರೆದುಕೊಂಡ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದಿತ್ತು. ಬೇರೆ ಪ್ರತಿ ಇಲ್ಲ. ತಿಪಟೂರಿನ ಪ್ರೆಸ್ಸಿನವರು ಪುಸ್ತಕಕ್ಕಾಗಿ ಕಾಯುತ್ತಿದ್ದರು.

"ರೀ, ಯಾರಾದ್ರೂ ತಿಳಿದೋರ ಹತ್ರ ತೋರ್ಸಣ" ಎಂದಳು.

"ತಿಳಿದೋನು ಮನೇಲೇ ಇರುವಾಗ?" ಎಂದೆ.

ಸ್ಕ್ರೂ ಬಿಚ್ಚಿ ಪರೀಕ್ಷಿಸಿ, ಹೋಗಿರುವುದು ಎಸ್‌ಎಂಪಿಎಸ್ ಎಂದು ಘೋಷಿಸಿದೆ. ಗೋಡೆಯ ಕರೆಂಟನ್ನು ಇಳಿಸಿ ಒಳಗಿನ ಭಾಗಗಳಿಗೆಲ್ಲ ಹಂಚುವ ಕಬ್ಬಿಣದ ಡಬ್ಬ ಅದು. ಈ ಘೋಷಣೆಯೊಂದು ಮಾತ್ರ ಸರಿಯಾಗಿತ್ತು. ಮುಂದಿನದೆಲ್ಲ ಇತಿಹಾಸ!

ತಿಪಟೂರಿನಲ್ಲಿ ನಾಗಭೂಷಣ ಎಂಬವರ ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. "ಇಷ್ಟು ಹಳೇದಕ್ಕೆ ಯಾಕೆ ಸಾರ್ ಒದ್ದಾಡ್ತೀರ? ಅದ್ರಲ್ಲಿ ಏನಾದ್ರೂ ಬೇಕಾಗಿದ್ದು ಇದ್ಯಾ?" ಎಂದು ಅವರು ಕೇಳಿದರು.

ಹೆಂಡತಿಯ ಸೋಬಾನೆ ಹಾಡು ಎನ್ನಲು ನಾಚಿಕೆಯಾಗಿ, "ಏನಿದ್ರೇನು? ನೀವು ಎಸ್‌ಎಂಪಿಎಸ್ ಕೊಡಿ" ಎಂದೆ.

"ಅಳತೆ?"

ನಾನು ಗೇಣು ತೋರಿಸಿದೆ. ಅವರು ಡಬ್ಬ ಕೊಟ್ಟರು. ಮನೆಗೆ ತಂದರೆ ಅದು ಅರ್ಧ ಗೇಣು ದೊಡ್ಡದು. ನಮ್ಮದು ತೆಳು ಪೆಟ್ಟಿಗೆಯಂತೆ. ಅದಕ್ಕೆ ಸಣ್ಣ ಜಾತಿಯ ಡಬ್ಬವೇ ಆಗಬೇಕಂತೆ. ಇದು ತಿಳಿಯುವ ಮೊದಲು ನಾನು ಸುತ್ತಿಗೆ ತಂದು ನಾಲ್ಕು ಏಟು ಹಾಕಿಯಾಗಿತ್ತು. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಮೊಬೈಲು ಹುಡುಕಿಕೊಂಡು ಒಳಗೆ ಹೋದಳು. ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಎರಡನೆಯ ಸಲ ದಾರದಲ್ಲಿ ಅಳತೆ ತೆಗೆದುಕೊಂಡು ಹೋದೆ. ಡಬ್ಬ ಸರಿಯಾಗಿ ಕೂತಿತು! ಆದರೆ ಅದರ ಪ್ಲಗ್ಗಿನಲ್ಲಿ ಇಪ್ಪತ್ತು ಪಿನ್ನು, ನಮ್ಮ ಬೋರ್ಡಿನಲ್ಲಿ ಇಪ್ಪತ್ತನಾಲ್ಕು ತೂತು. ಉಳಿದ ನಾಲ್ಕು ತೂತು ನನ್ನನ್ನೇ ನೋಡುತ್ತಿದ್ದವು. ಆ ನಾಲ್ಕರ ಕೆಲಸವೇನಿರಬಹುದು ಎಂದು ಅರ್ಧ ದಿನ ಯೋಚಿಸಿದೆ. ಕಂಪ್ಯೂಟರಿಗೂ ಗೊತ್ತಿರಲಿಲ್ಲವೋ ಏನೋ, ಅದು ಏಳಲಿಲ್ಲ.

ಮೂರನೆಯ ಸಲ ಪಕ್ಕದ ಮನೆಯ ಮರುಳಪ್ಪ ಜೊತೆಗೆ ಬಂದ. ಮಾರುಕಟ್ಟೆಗೆ ಕೊಬ್ಬರಿ ಹಾಕಿದ್ದ. ಕೆಲಸ ಮುಗಿಸಿ ನನ್ನ ಕೆಲಸಕ್ಕೂ ತಲೆ ಹಾಕಿದ.

ನಾಗಭೂಷಣ ಅವರು ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆ ತೋರಿಸಿದರು. "ನಿಮ್ಮ ಜಾತಿದು ಹೊಸದು ಬರಲ್ಲ ಸಾರ್. ಹಳೇ ಮೆಷಿನ್ನಿಂದ ಬಿಚ್ಚಿದ್ದು ನಾಲ್ಕಿದಾವೆ. ಯಾವುದು ಬದುಕಿದೆ, ಯಾವುದು ಸತ್ತಿದೆ ನೋಡಿಲ್ಲ. ಸೋಮವಾರ ಬನ್ನಿ, ಟೆಸ್ಟ್ ಮಾಡಿ ಕೊಡ್ತೀನಿ." ಅಷ್ಟರಲ್ಲಿ ಫೋನು ಬಂದು ಅವರು ಹೊರಗೆ ಹೋದರು.

ಸೋಮವಾರದವರೆಗೆ ಯಾರು ಕಾಯುತ್ತಾರೆ?

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ನಾವು ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಕಾಯಿ ಹದಕ್ಕೆ ಬಂದಿದೆ. ಸದ್ದಿಲ್ಲದಿದ್ದರೆ ವಾಪಸ್ಸು ಅಟ್ಟಕ್ಕೆ. ಎಲ್ಲರ ಮನೆಯಲ್ಲೂ ಹೀಗೇ. ಕೈ ತಾನಾಗಿ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ.

ನಾನು ಮೊದಲ ಡಬ್ಬವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಎರಡನೆಯದು, ಮೂರನೆಯದು ಮೂಕ. ನಾಲ್ಕನೆಯದು ಲೊಡಲೊಡ ಎಂದಿತು!

ಮರುಳಪ್ಪನಿಗೆ ಕೊಟ್ಟೆ. ಅವನು ಕಣ್ಣು ಮುಚ್ಚಿ, ತಲೆ ವಾಲಿಸಿ ಅಲ್ಲಾಡಿಸಿದ. "ಇದೇ ಕಣ್ಲಾ ಶಿವಣ್ಣ. ಚೆನ್ನಾಗಿ ಬಿಟ್ಟದೆ" ಎಂದ.

ಪದವೀಧರನೊಬ್ಬ ಮತ್ತು ಅನುಭವಿಯೊಬ್ಬ ಒಮ್ಮತಕ್ಕೆ ಬಂದರೆ ಪ್ರಶ್ನಿಸುವವರಾರು? ಫೋನಿನಲ್ಲಿದ್ದ ನಾಗಭೂಷಣ ಅವರಿಗೆ ಕೈಸನ್ನೆ ಮಾಡಿ ಬಸ್ಸು ಹತ್ತಿದೆವು.

ಸಂಜೆ ಜೋಡಿಸಿದೆ. ಇಪ್ಪತ್ತನಾಲ್ಕು ಪಿನ್ನೂ ಇಪ್ಪತ್ತನಾಲ್ಕು ತೂತಿನಲ್ಲಿ ಕೂತವು. ಒಂದು ವಯರು ಮಾತ್ರ ಎಲ್ಲಿಗೂ ಸೇರದೆ ಉಳಿಯಿತು. ಕಂಪನಿಯವರು ಧಾರಾಳವಾಗಿ ಒಂದು ಹೆಚ್ಚಿಗೆ ಕೊಟ್ಟಿದ್ದಾರೆ ಎಂದುಕೊಂಡು ಅದಕ್ಕೆ ಟೇಪು ಸುತ್ತಿದೆ.

ಇನ್ನು ಮುಂದಿನ ಅರ್ಧ ನಿಮಿಷವನ್ನು ನಾನು ದಿನಕ್ಕೆ ಹತ್ತು ಸಲ ನೋಡುತ್ತೇನೆ. ಬೇಡವೆಂದರೂ ಕಾಣುತ್ತದೆ. ನನ್ನ ಬಲಗೈ ಸ್ವಿಚ್ಚಿನ ಮೇಲಿತ್ತು. ಡಬ್ಬದೊಳಗಿನ ಫ್ಯಾನು ಯಾವ ದಿಕ್ಕಿಗೆ ತಿರುಗುತ್ತದೆ ನೋಡೋಣವೆಂದು, ಅದರ ಹಿಂದಿನ ಜಾಲರಿಗೆ ಮೂಗು ತಾಗುವಷ್ಟು ಬಗ್ಗಿದ್ದೆ. ಮರುಳಪ್ಪ ಗೌರವದಿಂದ ಕೈ ಕಟ್ಟಿ ನಿಂತಿದ್ದ.

"ಮೂತಿ ದೂರ ಇಟ್ಕಳಿ ಕಣ್ರೀ!" ಎಂದು ಗಿರಿಜಾ ಅಡುಗೆಮನೆ ಬಾಗಿಲಿಂದ ಕೂಗಿದಳು.

"ನಂಗೆ ಹೇಳ್ಕೊಡಕ್ಕೆ ಬರ್ಬೇಡ" ಎನ್ನಲು ಆಕೆಯ ಕಡೆ ತಿರುಗಿದೆ. ತಿರುಗುತ್ತಲೇ ಸ್ವಿಚ್ಚು ಒತ್ತಿದೆ.

ಢಂ!

ಮೂಗು ಇದ್ದ ಜಾಗದಲ್ಲಿ ಗೇಣುದ್ದ ನೀಲಿ ಬೆಂಕಿ ಬಂದು ಹೋಯಿತು. ಮನೆಯ ಫ್ಯೂಸು ಹಾರಿತು. ಹೊಗೆಯಲ್ಲಿ ಮರುಳಪ್ಪ ಕಾಣಲಿಲ್ಲ. ಅವನ ಒಂದು ಚಪ್ಪಲಿ ಮಾತ್ರ ಬಾಗಿಲಲ್ಲಿತ್ತು. ಬಯ್ಯಲು ತಿರುಗದಿದ್ದರೆ ಎರಡು ಕಣ್ಣೂ ಹೋಗುತ್ತಿದ್ದವು. ಜಗಳಗಂಟನಾಗಿದ್ದಕ್ಕೆ ಬದುಕಿದೆ! ಕುಕ್ಕರ್ ಕೂಗಿದರೆ ಇವತ್ತಿಗೂ ಹಾರಿ ಬೀಳುತ್ತೇನೆ.

ಮರುಳಪ್ಪ ಕಿಟಕಿಯಿಂದ ಇಣುಕಿದ. "ಹೋಯ್ತೇನ್ಲಾ?"

"ಹೋಯ್ತು."

"ಸ್ವಲ್ಪ ಬಲ್ತಿತ್ತು ಅನ್ಸುತ್ತೆ, ಬುಡು."

ಡಬ್ಬವನ್ನು ಬಗ್ಗಿಸಿದರೆ ಜಾಲರಿಯಿಂದ ಒಂದು ಸ್ಕ್ರೂ ಉರುಳಿ ಬಿತ್ತು. ಒಳಗೆ ಕಳಚಿಕೊಂಡು ಅಲೆಯುತ್ತಿದ್ದ ಸ್ಕ್ರೂ. ಲೊಡಲೊಡ ಎಂದದ್ದು ಅದೇ. ಸದ್ದಿಲ್ಲದ ಮೂರು ಡಬ್ಬಗಳೇ ಒಳ್ಳೆಯವಿದ್ದಿರಬೇಕು.

ನಾನು ನೆಲದ ಮೇಲೆ ಕೂತೆ. ಕಣ್ಣಿನ ಯೋಚನೆ ಹೋಗಿ ಬೇರೆಯದು ಬಂತು. ಒಂಬತ್ತು ವರ್ಷ. ತೀರಿಕೊಂಡ ಮೂವರು ಅಜ್ಜಿಯರ ದನಿಯಿಂದ ಉಳಿದದ್ದು ಅಷ್ಟೇ.

"ಗಿರಿಜಾ, ನಿನ್ನ ಹಾಡು ಸುಟ್ಟುಬಿಟ್ಟೆ ಕಣೇ" ಎಂದೆ.

ಆಕೆ ಮೊದಲು ನನ್ನ ಮುಖವನ್ನು ಟಾರ್ಚು ಹಾಕಿ ನೋಡಿದಳು. ಹುಬ್ಬು ಮುಟ್ಟಿ ನೋಡಿದಳು. ಆಮೇಲೆ, "ಹಾಡು ಅದ್ರೊಳಗೆ ಇದ್ರೆ ತಾನೇ ಸುಡಕ್ಕೆ?" ಎಂದಳು.

ಬೀರು ತೆಗೆದು, ರೇಷ್ಮೆ ಸೀರೆಗಳ ನಡುವಿನಿಂದ ಒಂದು ಗಂಟು ತಂದು ಬಿಚ್ಚಿದಳು. ಹಾರ್ಡ್ ಡಿಸ್ಕು! ಟೈಪು ಮಾಡಿದ್ದೆಲ್ಲ ಉಳಿಯುವುದು ಅದರಲ್ಲೇ.

"ನೀವು ಸುತ್ತಿಗೆ ತಗಂಡ್ರಲ್ಲ, ಅವತ್ತೇ ಬಿಚ್ಕಂಡೆ. ಮೊಬೈಲಲ್ಲಿ ವಿಡಿಯೋ ನೋಡ್ಕಂಡು. ನಾಲ್ಕು ಸ್ಕ್ರೂ, ಎರಡು ವಯರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾಪಸ್ ಜೋಡಿಸ್ತಿದ್ರಿ."

ಹೌದು, ಜೋಡಿಸುತ್ತಿದ್ದೆ. ವಾರಗಟ್ಟಲೆ ಆ ಪೆಟ್ಟಿಗೆಯೊಳಗೆ ತಲೆ ಇಟ್ಟುಕೊಂಡಿದ್ದವನಿಗೆ ಅದರ ಮುಖ್ಯ ಭಾಗವೇ ಇಲ್ಲವೆಂದು ಕಂಡಿರಲಿಲ್ಲ. ಟೇಪು ಸುತ್ತಿದ್ದು ಅದರ ವಯರಿಗೇ.

ಸೋಮವಾರ ಗಿರಿಜಾಳೇ ಹೊರಟಳು. ನಾನು ಹಿಂದೆ ಹೋದೆ. ನಾಗಭೂಷಣ ಅವರು ಡಿಸ್ಕಿಗೆ ಒಂದು ಕೇಬಲ್ ಸಿಕ್ಕಿಸಿ ತಮ್ಮ ಲ್ಯಾಪ್‌ಟಾಪಿಗೆ ಜೋಡಿಸಿದರು. ಎದುರಿನ ಹೋಟೆಲಿನಿಂದ ತರಿಸಿದ ಕಾಫಿ ಆರುವ ಮೊದಲೇ ಹಾಡುಗಳು ಸಾಲಾಗಿ ಪರದೆ ಮೇಲೆ ಬಂದವು. ಎಣ್ಣೆಶಾಸ್ತ್ರದ್ದು, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸುವುದು. ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇಷ್ಟೇನಾ?" ಎಂದೆ.

"ಇಷ್ಟೇ ಸಾರ್. ಹಾಡು ಬೇಕು ಅಂದಿದ್ರೆ ಮೊದಲ್ನೇ ದಿನಾನೇ ಕೊಡ್ತಿದ್ದೆ. ನೀವು ಡಬ್ಬ ಕೇಳಿದ್ರಿ, ಡಬ್ಬ ಕೊಟ್ಟೆ."

ಅವರು ಎರಡು ಪೆನ್‌ಡ್ರೈವಿಗೆ ಪ್ರತಿ ಹಾಕಿದರು; ಒಂದು ಪ್ರೆಸ್ಸಿಗೆ, ಒಂದು ಮನೆಗೆ. ಮನೆಯದನ್ನು ಜೋಪಾನವಾಗಿ ಇಟ್ಟುಕೊಳ್ಳೋಣವೆಂದು ನಾನು ಕೈ ಚಾಚಿದೆ.

ಗಿರಿಜಾ ಎರಡನ್ನೂ ತನ್ನ ಪರ್ಸಿಗೆ ಹಾಕಿ ಜಿಪ್ಪು ಎಳೆದಳು. ಚಾಚಿದ ಕೈಗೆ ತರಕಾರಿ ಚೀಲ ಕೊಟ್ಟಳು.