ಎರಡು ಭಾಷೆ, ಎರಡು ಆಂಪ್ಲಿಫೈಯರ್

ಕುಡಿಯುವ ನೀರಿಗೆ ಚರಂಡಿ ನೀರು ಸೇರಿದಲ್ಲಿ ಅದನ್ನು ಸಾರ್ವಜನಿಕರಿಗೆ ಧ್ವನಿವರ್ಧಕದ ಮೂಲಕವೇ ತಿಳಿಸತಕ್ಕದ್ದು ಎಂಬುದು ನಿಯಮ. ತೆಲಂಗಾಣದ ಗಡಿಸೀಮೆಯಲ್ಲಿ, ಮಕ್ತಲ್‌ನಿಂದ ಗದ್ವಾಲಕ್ಕೆ ಹೋಗುವ ದಾರಿಯ ಒಂದು ಊರಿನಲ್ಲಿ ನೀರು ಕೆಟ್ಟಿತು. ನೀರು ಸರಬರಾಜು ಕಚೇರಿಯ ಜೀಪಿನ ಆಂಪ್ಲಿಫೈಯರ್ ಅದಕ್ಕೂ ಮೊದಲೇ ಕೆಟ್ಟಿತ್ತು. ಊರಿನ ಹೆಸರು ಬೇಡ. ಬರೆದರೆ ನನಗೇ ನೋಟಿಸು ಬರುತ್ತದೆ.

ಹೊಸದನ್ನು ಕೊಳ್ಳಲು ಇಂಜಿನಿಯರ್ ಚಂದ್ರಕಾಂತ್ ಸಾಹೇಬರು ತಮ್ಮದೇ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿದರು. ಅವರ ಹೆಂಡತಿಯ ತಮ್ಮ ಸುರೇಂದರ್ ಎರಡು ಮಾದರಿ ತಂದು ಮೇಜಿನ ಮೇಲಿಟ್ಟ. ಒಂದರ ಬೆನ್ನ ಮೇಲೆ ಕಾವು ಆರಿಸುವ ಗೆರೆಗಳು ಉದ್ದಕ್ಕೆ, ಇನ್ನೊಂದರಲ್ಲಿ ಅಡ್ಡಕ್ಕೆ. ಒಂದಕ್ಕೆ ವೈರು ಎಡಗಡೆ, ಇನ್ನೊಂದಕ್ಕೆ ಬಲಗಡೆ. ಒಂದರಲ್ಲಿ ನೀಲಿ ದೀಪ, ಇನ್ನೊಂದರಲ್ಲಿ ಕೆಂಪು. ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಎರಡೂ ಒಂದೇ. ಆದ್ದರಿಂದ ಮುಚ್ಚಳ ಬಿಚ್ಚಿದ್ದನ್ನು ದಾಖಲಿಸಬಾರದೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು.

ಅಷ್ಟರಲ್ಲಿ ಶಿವಬಸಮ್ಮ ಎಂಬ ಹೆಂಗಸು ಚೊಂಬಿನಲ್ಲಿ ನಳದ ನೀರು ಹಿಡಿದು ಒಳಗೆ ಬಂದಳು.

"ಸಾಹೇಬ್ರ, ನೀರು ನಾತ ಹೊಡೀತೈತ್ರಿ. ನಮ್ಮ ಮನ್ಯಾಗಿನವ್ರು ನಿನ್ನಿಯಿಂದ ವಾಂತಿ ಮಾಡಾಕ ಹತ್ಯಾರ. ಕುಡೀಬೇಕೋ ಬ್ಯಾಡೋ, ಒಂದ್ ಮಾತು ಹೇಳ್ರಿ."

"ಬಾಯಿಲೆ ಹೇಳಾಕ ಬರಂಗಿಲ್ಲಮ್ಮ. ಜೀಪು ಬಂದು ಹೇಳತೈತಿ."

"ಅಲ್ಲೀತನಕ ಏನ್ ಕುಡ್ಯೂಣ್ರಿ?"

"ಅಲ್ಲೀತನಕ ಯಥಾಸ್ಥಿತಿ," ಎಂದ ಸಾಹೇಬರು ಅಂಗಡಿಯಿಂದ ತರಿಸಿದ್ದ ನೀರಿನ ಬಾಟಲಿ ಎತ್ತಿ ಗಟಗಟ ಕುಡಿದು ಚರ್ಚೆ ಮುಂದುವರಿಸಿದರು. ನಾಚಿಕೆ ಎಂಬುದು ಆ ಕಚೇರಿಗೆ ಮಂಜೂರಾಗಿರಲಿಲ್ಲ.

ಉದ್ದಗೆರೆಯೋ ಅಡ್ಡಗೆರೆಯೋ ಎಂಬುದು ವಾರವಾದರೂ ಇತ್ಯರ್ಥವಾಗಲಿಲ್ಲ. ಕೊನೆಗೆ ಸುರೇಂದರನೇ ದಾರಿ ತೋರಿಸಿದ.

"ಭಾವಾ, ನಮ್ಮೂರಾಗ ತೆಲುಗಿನ್ಯಾಗೂ ಸಾರಬೇಕು, ಕನ್ನಡದಾಗೂ ಸಾರಬೇಕು. ಉದ್ದಗೆರಿದು ತೆಲುಗಿಗೆ, ಅಡ್ಡಗೆರಿದು ಕನ್ನಡಕ್ಕ. ಎರಡೂ ತಗೊಂಡ್ರ ಯಾರಿಗೂ ಅನ್ಯಾಯ ಆಗಂಗಿಲ್ಲ."

ಇಷ್ಟು ಬುದ್ಧಿ ಶಾಲೆಯಲ್ಲಿ ಬಂದಿದ್ದರೆ ಆತ ಹತ್ತನೆಯ ತರಗತಿ ದಾಟುತ್ತಿದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಿಲ್ಲು ಮಾತ್ರ ಎರಡಾಯಿತು.

ಜೀಪು ಸಿದ್ಧವಾದಾಗ ಓಣಿಗಳಲ್ಲಿ ಕೇಳುವವರೇ ಇರಲಿಲ್ಲ. ಊರೆಲ್ಲ ಆಸ್ಪತ್ರೆಯಲ್ಲಿ ಮಲಗಿತ್ತು. ಹಾಗಾಗಿ ಜೀಪು ಆಸ್ಪತ್ರೆಗೇ ಹೋಯಿತು. ನಳದ ನೀರು ಕುಡಿಯಬೇಡಿರೆಂದು ಉದ್ದಗೆರೆಯದು ತೆಲುಗಿನಲ್ಲಿ ಕೂಗಿತು, ಅಡ್ಡಗೆರೆಯದು ಕನ್ನಡದಲ್ಲಿ. ಕಿಟಕಿಗಳು ಅದುರಿದವು. ಶಿವಬಸಮ್ಮನ ಗಂಡ ಮಲ್ಲಣ್ಣ ಕಣ್ಣು ಬಿಡಲಿಲ್ಲ. ಸಾಹೇಬರು ಆತನ ಮಂಚದ ಬಳಿ ಬಂದು ಹೊಸ ಆಂಪ್ಲಿಫೈಯರುಗಳ ಬಗ್ಗೆ ಆಕೆಯ ಅಭಿಪ್ರಾಯ ಕೇಳಿದರು.

"ಮಾತು ಸ್ವಚ್ಛ ಕೇಳ್ಸತೈತ್ರಿ. ನೀರು ಯಾವಾಗ ಸ್ವಚ್ಛ ಬರತೈತ್ರಿ?"

"ಅದು ಬ್ಯಾರೆ ಸಮಿತಿದಮ್ಮ."

"ಹೌದೇನ್ರಿ? ನನಗ ಗೊತ್ತಿರಲಿಲ್ಲ, ತಪ್ಪಾತು," ಎಂದು ಆಕೆ ಸೆರಗಿನಿಂದ ಗಂಡನ ಬಾಯಿ ಒರೆಸಿದಳು.

ಉಳಿದ ರೋಗಿಗಳೂ ಸರಿ ಎಂದು ತಲೆದೂಗಿದರು. ಸುರೇಂದರ್ ಚಪ್ಪಾಳೆ ತಟ್ಟಲು ಕೋರಿದ. ಒಂದು ಕೈಗೆ ಸಲೈನ್ ಏರಿಸಿಕೊಂಡಿದ್ದವರು ಇನ್ನೊಂದು ಕೈಯಿಂದ ಮಂಚ ತಟ್ಟಿದರು.