ಭಾವನ ಕಾರಿಗೆ ಏಳು ದಿನದ ಮಡಿ

ನಮ್ಮ ಭಾವನ ಹತ್ತಿರ ಒಂದು ಕಾರಿದೆ ಎಂದು ಶಿಕಾರಿಪುರದಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕಾರಿನ ಹತ್ತಿರ ನಮ್ಮ ಭಾವ ಇದ್ದಾರೆ, ಅಷ್ಟೆ! ಬೆಳಿಗ್ಗೆ ಎದ್ದರೆ ಅದರ ಮುಂದೆ, ಅಂಗಡಿ ಮುಚ್ಚಿ ಬಂದರೆ ಅದರ ಹಿಂದೆ. ಕಾರು ಅವರನ್ನು ಊರಿಂದೂರಿಗೆ ಕರೆದುಕೊಂಡು ಹೋದದ್ದಕ್ಕಿಂತ ಅವರು ಕಾರನ್ನು ನೆರಳಿನಿಂದ ನೆರಳಿಗೆ ಕರೆದುಕೊಂಡು ಹೋದದ್ದೇ ಹೆಚ್ಚು.

ಭಾವ ಎಂದರೆ ನನ್ನ ಅಕ್ಕನ ಗಂಡ. ಪಂಪು, ಪೈಪುಗಳ ಅಂಗಡಿ ಇಟ್ಟುಕೊಂಡಿದ್ದಾರೆ. ವ್ಯಾಪಾರದಲ್ಲಿ ಗಟ್ಟಿಗರು, ಮಾತಿನಲ್ಲಿ ಮೆತ್ತಗೆ, ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಕಾಯಿಲೆ. ಹೊಸದು ಯಾವತ್ತೂ ಹೊಸದಾಗಿಯೇ ಇರಬೇಕು. ಮನೆ ಕಟ್ಟಿಸಿ ಒಂಬತ್ತು ವರ್ಷವಾಯಿತು, ಇವತ್ತಿಗೂ ಅದರ ಗೋಡೆಗೆ ಒಂದು ಮೊಳೆ ಬಿದ್ದಿಲ್ಲ. ಬಣ್ಣ ಚಕ್ಕೆ ಏಳುತ್ತದಂತೆ! ಹಾಗಾಗಿ ಆ ಮನೆಯ ಕ್ಯಾಲೆಂಡರು ಮಂಚದ ಮೇಲೆ ಮಲಗಿರುತ್ತದೆ. ತಾರೀಖು ನೋಡಬೇಕಾದರೆ ಅದರ ಮೇಲೆ ಮಲಗಿದವರನ್ನು ಎಬ್ಬಿಸಬೇಕು. ಗೋಡೆ ಗಡಿಯಾರ ಟೀವಿಗೆ ಒರಗಿಕೊಂಡು ಕೂತಿದೆ. ಅಕ್ಕ ಒಂದು ದಿನ ಸಿಟ್ಟು ನೆತ್ತಿಗೇರಿ, "ನಾಳೆ ನಾನು ಸತ್ರೆ ನನ್ನ ಫೋಟೋ ಎಲ್ಲಿ ತಗಲಾಕ್ತೀರಿ?" ಎಂದು ಕೇಳಿದಳು. ಭಾವ ಗಂಭೀರವಾಗಿ ಯೋಚನೆ ಮಾಡಿ, "ಸ್ಟೂಲ್ ಮೇಲೆ ಇಟ್ಟರಾಯ್ತಲ್ಲ" ಎಂದರು.

ಇಂಥ ಮನುಷ್ಯ ಕಾರು ಕೊಳ್ಳಲು ಹೊರಟದ್ದು ತನ್ನ ಶೋಕಿಗಲ್ಲ, ಅವ್ವನ ಮಂಡಿನೋವಿಗೆ. ಅವ್ವ ಎಂದರೆ ಭಾವನ ತಾಯಿ. ಎಪ್ಪತ್ತೈದು ದಾಟಿದೆ, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತೈದು. ಅವರ ತಂಗಿ ಇರುವುದು ಸೊರಬದಲ್ಲಿ, ನನ್ನ ಜೆರಾಕ್ಸ್ ಅಂಗಡಿಯ ಹಿಂದಿನ ಬೀದಿಯಲ್ಲಿ. ಹದಿನೈದು ದಿನಕ್ಕೊಮ್ಮೆ ಅಕ್ಕತಂಗಿಯರು ಎದುರುಬದುರು ಕೂತು ಜಗಳವಾಡದಿದ್ದರೆ ಇಬ್ಬರಿಗೂ ಉಂಡದ್ದು ಮೈಗೆ ಹತ್ತುವುದಿಲ್ಲ. ಆದರೆ ಬಸ್ಸಿನ ಮೆಟ್ಟಿಲು ಅವ್ವನ ಮಂಡಿಗೆ ಬೆಟ್ಟವಾಗಿತ್ತು. "ಇನ್ನು ಅವ್ವ ಬಸ್ಸು ಹತ್ತಬಾರ್ದು ಕಣೋ" ಎಂದು ಭಾವ ನನಗೆ ಹೇಳಿ, ಮಾರನೆಯ ವಾರವೇ ಕಾರು ಬುಕ್ ಮಾಡಿಬಿಟ್ಟರು. ಬಣ್ಣ ಕಡುನೀಲಿ. ಅಲ್ಲಿಂದ ಶುರುವಾಯಿತು ನೋಡಿ!

ಶಿವಮೊಗ್ಗದ ಶೋರೂಮಿಗೆ ನಾನೂ ಹೋಗಿದ್ದೆ. ಬೇರೆಯವರು ಕಾರು ತೆಗೆದುಕೊಳ್ಳುವಾಗ ಕೇಕ್ ಕತ್ತರಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮ ಭಾವ ಜೇಬಿನಿಂದ ಟಾರ್ಚ್ ತೆಗೆದರು. ಗಂಟಲು ನೋಡುವ ಡಾಕ್ಟರ ಹಾಗೆ ಬಗ್ಗಿ ಬಗ್ಗಿ ಕಾರಿನ ಮೈಯೆಲ್ಲ ನೋಡಿದರು. ಅಷ್ಟರಲ್ಲಿ ಅಲ್ಲಿಯ ಕೆಲಸದವನೊಬ್ಬ ಬಾನೆಟ್ಟು ಒರೆಸಲು ಒಣಬಟ್ಟೆ ಹಿಡಿದು ಬಂದ. "ಮುಟ್ಟಬ್ಯಾಡ!" ಎಂದು ಭಾವ ಕೂಗಿದ ರಭಸಕ್ಕೆ ಪಕ್ಕದ ಕಾರಿನವರು ಕತ್ತರಿಸುತ್ತಿದ್ದ ಕೇಕ್ ಬಿಟ್ಟು ಓಡಿಬಂದರು. ಒಣಬಟ್ಟೆಯಿಂದ ಒರೆಸಿದರೆ ಧೂಳೇ ಉಪ್ಪುಕಾಗದದ ಕೆಲಸ ಮಾಡಿ ಗೀರು ಬೀಳುತ್ತದೆಯಂತೆ. ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆ. ಅದೇ ಮೊಬೈಲೇ, ಬಣ್ಣದ ಮೇಲೆ ಗಾಜಿನಂಥ ತೆಳುಪದರ ಕೂರಿಸುವ ಸೆರಾಮಿಕ್ ಕೋಟಿಂಗ್ ಎಂಬುದನ್ನೂ ಅವರ ತಲೆಗೆ ತುಂಬಿತ್ತು.

ಕಾರು ಶೋರೂಮಿನಿಂದ ಮನೆಗೆ ಬರಲಿಲ್ಲ, ಸೀದಾ ಕೋಟಿಂಗ್ ಅಂಗಡಿಗೆ ಹೋಯಿತು. ಎರಡು ದಿನದ ಕೆಲಸ. ಭಾವ ಎರಡೂ ದಿನ ಊಟದ ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಹೋಗಿ ಅಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಎರಡನೆಯ ದಿನ ನನ್ನನ್ನೂ ಎಳೆದುಕೊಂಡು ಹೋದರು. ಹೊಸ ಕಾರಿಗೇ ಅಷ್ಟೆಲ್ಲ ಉಪಚಾರ ಬೇಕೆಂದು ನನಗೆ ಗೊತ್ತಾದದ್ದು ಆವತ್ತೇ. ಮೊದಲು ತೊಳೆಯಬೇಕು. ಆಮೇಲೆ ಚಪಾತಿ ಹಿಟ್ಟಿನಂಥ ಒಂದು ಮುದ್ದೆಯಿಂದ ಮೈಯೆಲ್ಲ ಉಜ್ಜಬೇಕು, ಲಾರಿಯಲ್ಲಿ ಬರುವಾಗ ಬಣ್ಣಕ್ಕೆ ಅಂಟಿದ ಕಣ್ಣಿಗೆ ಕಾಣದ ಕಸ ಅದಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಮಿಶಿನ್ ಹಿಡಿದು ಪಾಲಿಶ್. ಕೊನೆಗೆ ಹೆಬ್ಬೆರಳಿನಷ್ಟು ಉದ್ದದ ಬಾಟಲಿಯಿಂದ ಹನಿ ಹನಿಯಾಗಿ ಅದೇನೋ ದ್ರವ ಬಿಟ್ಟು, ಅಂಗೈಯಗಲ ಅಂಗೈಯಗಲ ಹಚ್ಚಿ ಒರೆಸುತ್ತ ಹೋಗುವುದು. ನಮ್ಮಕ್ಕನ ಮದುವೆಯಲ್ಲಿ ಮದುಮಗನಿಗೆ ಅರಿಶಿನ ಹಚ್ಚಿ ಮುಗಿಸಿದ್ದು ಐದೇ ನಿಮಿಷದಲ್ಲಿ!

"ಇದು ಹಚ್ಚಿದ ಮೇಲೆ ಗೀರೇ ಬೀಳಲ್ವಾ?" ಎಂದು ಭಾವ ಕೇಳಿದರು.

"ಹಾಗೇನಿಲ್ಲ ಸರ್" ಎಂದ ಅಂಗಡಿಯವನು. ಪಾಪ, ಪ್ರಾಮಾಣಿಕ. "ಒರೆಸುವಾಗ ಬೀಳೋ ಸಣ್ಣ ಗೀರು ಕಮ್ಮಿ ಆಗ್ತವೆ, ನೀರು ನಿಲ್ಲದೆ ಜಾರುತ್ತೆ, ಹೊಳಪು ಉಳಿಯುತ್ತೆ. ಕಲ್ಲು ಹೊಡೆದ್ರೆ ಏಟು ಬಿದ್ದೇ ಬೀಳುತ್ತೆ. ಇನ್ನು ಏಳು ದಿನ ನೀರು ತಾಗಿಸಬೇಡಿ, ಮೇಲೆ ಏನೂ ಹಚ್ಚಬೇಡಿ. ಹಕ್ಕಿ ಹಿಕ್ಕೆ ಬಿದ್ರೆ ಒಣಗೋಕೆ ಬಿಡದೆ ಮೆತ್ತಗೆ ತೆಗೀರಿ."

ಭಾವ ಇದನ್ನೆಲ್ಲ ಒಂದು ಚೀಟಿಯಲ್ಲಿ ನಂಬರು ಹಾಕಿ ಬರೆದುಕೊಂಡರು. "ಹತ್ತಿರ ನಿಂತು ಉಸಿರಾಡಬಹುದಾ ಕೇಳಿ ಭಾವ" ಎಂದು ನಾನು ಕುಚೋದ್ಯಕ್ಕೆ ಅಂದೆ. ಪುಣ್ಯಾತ್ಮರು ಅದನ್ನೂ ಕೇಳಿಯೇಬಿಟ್ಟರು!

ಮನೆಗೆ ಬಂದಾಗ ಸಂಜೆ ಐದಾಗಿತ್ತು. ಬಾಗಿಲಲ್ಲಿ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಪಕ್ಕದಲ್ಲಿ ಪೂಜೆಗೆ ಕರೆಸಿದ ಅಯ್ಯನವರು, ಅವರ ಕಾಲ ಬಳಿ ಬೂದುಗುಂಬಳ, ನಾಲ್ಕು ನಿಂಬೆಹಣ್ಣು. ಹೊಸ ಗಾಡಿ ಎಂದರೆ ನಮ್ಮಲ್ಲಿ ಇಷ್ಟಾದರೂ ಆಗಲೇಬೇಕಲ್ಲ? ಅದರಲ್ಲೂ ಮುಂಭಾಗಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆಯದ ಗಾಡಿ ಗಾಡಿಯೇ ಅಲ್ಲ. ಭಾವ ಕಾರನ್ನು ಮೂವತ್ತು ಅಡಿ ದೂರದಲ್ಲೇ ನಿಲ್ಲಿಸಿ, ಇಳಿದು, ಎರಡೂ ಕೈ ಅಡ್ಡ ಹಿಡಿದರು.

"ಅವ್ವಾ, ಅಲ್ಲೇ ನಿಲ್ಲು! ಏಳು ದಿನ ಏನೂ ಹಚ್ಚಂಗಿಲ್ಲ."

"ಯಾಕೋ? ಗಾಡಿಗೆ ಸೂತಕನಾ?"

"ಕೋಟಿಂಗ್ ಮಾಡ್ಸೀನಿ. ಅದು ಒಣಗಬೇಕು."

"ಒಣಗಿದ್ ಮ್ಯಾಲೆ ಹಚ್ಚಬೋದಾ?"

ಭಾವನಿಗೆ ಸುಳ್ಳು ಹೇಳಲು ಬರುವುದಿಲ್ಲ. ತಲೆ ಕೆರೆದುಕೊಂಡು, "ಅವ್ವಾ, ವಿಭೂತಿ ಅಂದ್ರೆ ಬೂದಿ. ನೀನು ಬೂದಿ ಹಾಕಿ ಪಾತ್ರೆ ಬೆಳಗ್ತಿದ್ದಿಲ್ವಾ? ಗೀರು ಬೀಳ್ತಿತ್ತೋ ಇಲ್ವೋ?" ಎಂದರು.

"ದೇವಸ್ಥಾನದ ಬಸವಣ್ಣಗೆ ದಿನಾ ಹಚ್ಚುತಾರೆ. ಅವನಿಗೆ ಗೀರು ಬಿದ್ದೈತಾ?"

"ಬಸವಣ್ಣಗೆ ಪೇಂಟ್ ಇಲ್ಲವ್ವಾ!"

ಅಯ್ಯನವರು ಕೆಮ್ಮಿದರು. ಕೊನೆಗೆ ಆರತಿಯನ್ನು ದೂರದಿಂದಲೇ ಬೆಳಗುವುದು, ಹಾರವನ್ನು ಗೇಟಿಗೆ ಹಾಕುವುದು, ಕುಂಬಳಕಾಯಿಯನ್ನು ಪಕ್ಕದ ಮನೆಯವರ ಅಂಗಳದಲ್ಲಿ ಒಡೆಯುವುದು ಎಂದು ಒಪ್ಪಂದವಾಯಿತು. ಪಕ್ಕದ ಮನೆಯ ದೃಷ್ಟಿಯೆಲ್ಲ ಆವತ್ತು ಪುಕ್ಕಟೆಯಾಗಿ ಇಳಿದುಹೋಯಿತು. ಇನ್ನು ಉಳಿದದ್ದು ಚಕ್ರದಡಿಯ ನಿಂಬೆಹಣ್ಣು. ನಿಂಬೆರಸ ಹುಳಿ, ಹುಳಿ ಸಿಡಿದರೆ ಕೋಟಿಂಗು ಹಾಳು! ಭಾವ ಒಳಗೆ ಹೋಗಿ ನಾಲ್ಕು ಆಲೂಗಡ್ಡೆ ತಂದು ಒಂದೊಂದು ಚಕ್ರದಡಿ ಒಂದೊಂದಿಟ್ಟರು.

ಅಯ್ಯನವರು ಅವನ್ನು ಬಗ್ಗಿ ನೋಡಿ ಹೇಳಿದರು: "ಆಲೂಗಡ್ಡೆಗೆ ನನಗೆ ಮಂತ್ರ ಬರಲ್ಲ ರೀ."

ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ತಟ್ಟೆಯನ್ನು ಅಕ್ಕನ ಕೈಗಿಟ್ಟು, "ಈಬತ್ತಿ ಇಲ್ಲದ ಗಾಡಿ ನಾನು ಹತ್ತಲ್ಲ" ಎಂದು ಒಳಗೆ ಹೋಗಿಬಿಟ್ಟರು. ಯಾರ ಮಂಡಿಗಾಗಿ ಕಾರು ಬಂತೋ ಅವರೇ ಹತ್ತುವುದಿಲ್ಲ ಎಂದ ಮೇಲೆ ಕಾರು ಯಾಕೆ? ಭಾವನ ಮುಖ ಸಪ್ಪಗಾಯಿತು. ಆದರೆ ವಿಭೂತಿಗೆ ಒಪ್ಪಿದರೇ? ಇಲ್ಲ! ತಾಯಿಗೆ ತಕ್ಕ ಮಗ.

ಏಳು ದಿನ ಕಾರು ಬಾಣಂತಿಯಂತೆ ಶೆಡ್ಡಿನಲ್ಲಿತ್ತು. ಎಂಟನೆಯ ದಿನ ಅಕ್ಕನ ಒತ್ತಾಯಕ್ಕೆ ಮೊದಲ ಸವಾರಿ ಹೊರಟಿತು. ಅವ್ವನ ಬದಲು ನಾನು ಹತ್ತಿದೆ. ಎಲ್ಲಿಗೆ ಎಂದಿರಿ? ಗುಡವಿಗೆ! ಸಾವಿರಾರು ಹಕ್ಕಿಗಳು ಕೆರೆಯ ಮರಗಳ ಮೇಲೆ ಕೂತಿರುವ ಜಾಗಕ್ಕೆ ಹೊಸ ಕಾರು ಒಯ್ಯುವುದೆಂದರೆ ಬೆಕ್ಕಿನ ಮದುವೆಗೆ ಇಲಿಯನ್ನು ಕರೆದ ಹಾಗೆ. ಅಕ್ಕ ಬೇಕೆಂದೇ ಆ ಜಾಗ ಆರಿಸಿದ್ದಳು ಎಂದು ನನಗೆ ಇವತ್ತಿಗೂ ಗುಮಾನಿ. ಭಾವ ದಾರಿಯಲ್ಲಿ ಸಿಕ್ಕವರನ್ನೆಲ್ಲ, "ಹಕ್ಕಿಗಳು ಸಾಮಾನ್ಯವಾಗಿ ಯಾವ ಕಡೆಯಿಂದ ಹಾರಿ ಬರ್ತಾವೆ ರೀ?" ಎಂದು ವಿಚಾರಿಸಿ, ಕೊನೆಗೆ ಎರಡು ಕಿಲೋಮೀಟರು ಈಚೆಗೇ ಒಂದು ಮನೆಯ ಚಪ್ಪರದಡಿ ಕಾರು ನಿಲ್ಲಿಸಿದರು. ಅಲ್ಲಿಂದ ನಡಿಗೆ. ಹಕ್ಕಿ ನೋಡುವಾಗ ಎಲ್ಲರೂ ಬೈನಾಕ್ಯುಲರ್ ಹಿಡಿದು ಆಹಾ ಎನ್ನುತ್ತಿದ್ದರೆ, ಭಾವ ಮಾತ್ರ ಕೆಳಗೆ ಹಿಕ್ಕೆ ಬಿದ್ದು ಬೆಳ್ಳಗಾಗಿದ್ದ ಎಲೆಗಳನ್ನು ನೋಡಿ ನಡುಗುತ್ತಿದ್ದರು.

ವಾಪಸು ಬಂದರೆ ಕಾರಿನ ಮೇಲೆ ಒಂದು ಹುಂಜ ರಾಜಗಾಂಭೀರ್ಯದಿಂದ ಕೂತಿದೆ! ಮನೆಯ ಹೆಂಗಸು ಹೊರಗೆ ಬಂದು ಸಮಾಧಾನ ಹೇಳಿದಳು: "ಅದು ಏನೂ ಮಾಡಲ್ರೀ ಅಣ್ಣಾ, ಸುಮ್ನೆ ಕೂರುತ್ತೆ."

"ಮಾಡಿ ಆಗೈತಲ್ಲಮ್ಮಾ!" ಎಂದು ಭಾವ ಬಟ್ಟೆ, ನೀರಿನ ಸ್ಪ್ರೇ ಹಿಡಿದು ಓಡಿದರು.

ಇಷ್ಟರಲ್ಲಿ ಅವ್ವನಿಗೆ ಸೊರಬಕ್ಕೆ ಹೋಗುವ ದಿನ ಬಂತು. ಅವರು ಮಾತಿಗೆ ತಪ್ಪುವವರಲ್ಲ. ಬೆಳಿಗ್ಗೆಯೇ ಸೀರೆಯುಟ್ಟು, ಕೈಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟರು. ಭಾವ ಏನು ಮಾಡಿದರು ಗೊತ್ತೆ? ಅವ್ವ ಬಸ್ಸು ಹತ್ತಿದ ಮೇಲೆ ಆ ಬಸ್ಸಿನ ಹಿಂದೆಯೇ ಕಾರು ಬಿಟ್ಟರು! ಹಿಂದಿನ ದಿನ ಬಂದಿದ್ದ ನಾನು ಪಕ್ಕದ ಸೀಟಿನಲ್ಲಿ. ಚಕ್ರದಿಂದ ಕಲ್ಲು ಸಿಡಿದೀತೆಂದು ಐವತ್ತು ಅಡಿ ಅಂತರ. ಬಸ್ಸು ನಿಂತಲ್ಲಿ ನಾವೂ ನಿಲ್ಲುವುದು, ಹೊರಟರೆ ಹೊರಡುವುದು. ಮೂರನೆಯ ಸ್ಟಾಪಿನಲ್ಲಿ ಕಂಡಕ್ಟರ್ ಇಳಿದು ಬಂದ.

"ಏನ್ರೀ ಯಜಮಾನ್ರೇ, ದಾರಿ ಖಾಲಿ ಐತೆ, ಮುಂದೆ ಹೋಗಬಾರ್ದಾ?"

"ನಮ್ಮವ್ವ ಬಸ್ಸಿನಾಗೆ ಅದಾರೆ."

"ಇಳಿಸ್ಕಂಡು ಹೋಗ್ರಿ ಮತ್ತೆ!"

"ಬರಲ್ಲ ಅಂತಾರೆ."

"ಮನೆ ಜಗಳಾನ ರಸ್ತೆ ಮ್ಯಾಲೆ ಮೆರವಣಿಗೆ ಮಾಡಬ್ಯಾಡ್ರೀ" ಎಂದು ಅವನು ಸೀಟಿ ಊದಿದ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಬೇಕು. ನಾವು ಸ್ಟ್ಯಾಂಡಿನ ಹೊರಗೆ, ಯಾರೂ ತಾಗದ ಜಾಗದಲ್ಲಿ ಕಾರು ನಿಲ್ಲಿಸಿ ನೋಡುತ್ತ ಕೂತೆವು. ಅವ್ವ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿದರು. ಕೊನೆಯ ಮೆಟ್ಟಿಲಿನಿಂದ ಕಾಲು ನೆಲಕ್ಕೆ ಎಟುಕಲಿಲ್ಲ. ಕತ್ತಲೆಯಲ್ಲಿ ತಡಕುವವರ ಹಾಗೆ ಪಾದವನ್ನು ಗಾಳಿಯಲ್ಲಿ ಆಡಿಸಿದರು. ಸೊರಬದ ಬಸ್ಸು ಅಷ್ಟರಲ್ಲಿ ಬಂದು ನಿಂತು ಜನ ಮುಗಿಬಿದ್ದರು. ಅವ್ವ ಎಲ್ಲರೂ ಹತ್ತಲೆಂದು ಕಾದು, ಆಮೇಲೆ ಕಾಲು ಎತ್ತಲು ನೋಡಿದರು. ಮಂಡಿ ಏಳಲಿಲ್ಲ. ಮಂಡಿಯ ಹತ್ತಿರ ಸೀರೆಯನ್ನು ಮುಷ್ಟಿಯಲ್ಲಿ ಹಿಡಿದು, ತಮ್ಮ ಕಾಲನ್ನು ತಾವೇ ಕೈಯಿಂದ ಎತ್ತಿ ಮೆಟ್ಟಿಲ ಮೇಲೆ ಇಟ್ಟರು.

ಭಾವ ಕಾರು ಸ್ಟಾರ್ಟ್ ಮಾಡಿದರು. ಸೀದಾ ಸ್ಟ್ಯಾಂಡಿನ ಒಳಗೇ ನುಗ್ಗಿಸಿದರು! ಬುಟ್ಟಿಗಳು, ಗೋಣಿಚೀಲಗಳು, ಸೈಕಲ್ಲುಗಳು. ಏನೋ ಒಂದು ಎಡಗಡೆಗೆ ಕರ್ ಎಂದು ಉಜ್ಜಿದ್ದು ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಬಾಗಿಲು ತೆರೆದೇ ಬಿಟ್ಟು ಓಡಿದರು. "ಅವ್ವಾ, ಇಳಿ. ಹಚ್ಚವ್ವಾ. ಎಷ್ಟು ಬೇಕಾದ್ರೂ ಹಚ್ಚು."

ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು. ಅವ್ವ ಮಗನ ಭುಜ ಹಿಡಿದು ನಿಧಾನವಾಗಿ ಕಾರಿನ ಮುಂದೆ ಬಂದರು. ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು, ನನ್ನ ಬಾಟಲಿಯ ನೀರು ಹಾಕಿಸಿಕೊಂಡು ಅಂಗೈಯಲ್ಲಿ ಉಜ್ಜಿದರು. ಮೂರು ಬೆರಳು ಅದ್ದಿದರು. ಭಾವ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

ಅವ್ವ ಆ ಮೂರು ಬೆರಳನ್ನು ಎಳೆದದ್ದು ಬಾನೆಟ್ಟಿನ ಮೇಲಲ್ಲ, ಮಗನ ಹಣೆಯ ಮೇಲೆ.

"ಗಾಡಿಗೆ ಹಚ್ಚೋದು ಗಾಡಿಗಂತ ಅಲ್ಲೋ ಮರುಳೇ, ಒಳಗೆ ಕುಂತು ಓಡ್ಸೋನಿಗೆ" ಎಂದರು. "ಗಾಡಿ ಹೋದ್ರೆ ಇನ್ನೊಂದು ಬರ್ತೈತೆ. ನೀನು?"

ಐವತ್ಮೂರು ವರ್ಷದ ನಮ್ಮ ಭಾವ, ಆ ಬಸ್ ಸ್ಟ್ಯಾಂಡಿನ ನಡುವೆ, ಅಷ್ಟೂ ಜನರ ಎದುರು ಅತ್ತುಬಿಟ್ಟರು. ಅವರನ್ನು ಇಷ್ಟು ವರ್ಷ ಗೇಲಿ ಮಾಡಿದವನು ನಾನು. ಆವತ್ತು ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಅವರು ನೆಲಕ್ಕೆ ಮಂಡಿಯೂರಿ, ಅವ್ವನ ಕಾಲುಗಳನ್ನು ಒಂದೊಂದಾಗಿ ಎರಡೂ ಕೈಯಲ್ಲಿ ಎತ್ತಿ ಕಾರಿನೊಳಗೆ ಇಟ್ಟರು.

ಸೊರಬ ಮುಟ್ಟುವವರೆಗೂ ಅವ್ವ ತಂಗಿಯ ಜೊತೆ ಆಡಬೇಕಾದ ಜಗಳವನ್ನು ನಮ್ಮ ಮುಂದೆ ಒಪ್ಪಿಸುತ್ತಲೇ ಇದ್ದರು. ಭಾವ ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡರು, ಮೂಗು ಒರೆಸಿಕೊಂಡರು. ಹಣೆಯಿಂದ ಬೆವರು ಇಳಿಯುತ್ತಿದ್ದರೂ ಅಲ್ಲಿಗೆ ಮಾತ್ರ ಕೈ ಒಯ್ಯಲಿಲ್ಲ.