ಖಂಡೆ ಪೂಜೆಗೆ ಕೂತ ಛರ್ರಾ

ಮಹಾನವಮಿಯ ಮುಂಜಾನೆ ಖಂಡಪ್ಪ ಮುಖ ತೊಳೆದು ಪಡಸಾಲೆಗೆ ಬಂದಾಗ ಅವನ ಬಾಳೆಲ್ಲ ದೇವರ ಜಗುಲಿಯ ಮುಂದೆ ಅರಿಸಿಣ ಕುಂಕುಮ ಹಚ್ಚಿಕೊಂಡು ಕೂತಿತ್ತು. ಕುಡುಗೋಲು, ಕೊಡಲಿ, ಈಳಿಗೆಗಳ ಸಾಲಿನಲ್ಲಿ ಅವನ ಏರ್‌ಗನ್ನು. ಅದರ ನಳಿಗೆಗೆ ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಗನ್ನಿಗೆ ಹಾಕುವ ಸೀಸದ ಛರ್ರಾಗಳ ಡಬ್ಬಿ, ಆಮೇಲೆ ಬೈಕಿನ ಕೀಲಿ, ಕಟ್ಟಕಡೆಗೆ ವಿಭೂತಿ ಬಳಿದ ಮೊಬೈಲು.

"ಯವ್ವಾ, ಇದೇನ ಮಾಡೀದಿ?"

"ಖಂಡೆ ಪೂಜಿ," ಎಂದಳು ತಾಯಿ ಸುಂದರಬಾಯಿ. "ನಾಳಿ ಸಂಜಿಕ ಬನ್ನಿ ಮುಡದ ಮ್ಯಾಲೆ ಎತ್ತಬೇಕು. ಅಲ್ಲಿತನಕ ಯಾರೂ ಮುಟ್ಟಂಗಿಲ್ಲ."

"ನಾಳಿ ಮುಂಜಾನಿ ಕಲಬುರಗ್ಯಾಗ ನನ್ನ ಪಂದ್ಯ ಅದ. ಮತ್ತ ಮೊಬೈಲ್ ಯಾಕ ಇಟ್ಟಿ? ಅದೇನು ಆಯುಧ ಏನು?"

"ದಿನಾ ಮುಂಜಾನಿಂದ ಅದನ್ನೇ ತಿಕ್ಕತೀದಿ. ನಮ್ಮನ್ಯಾಗ ಕುಡಗೋಲಕಿಂತ ಅದೇ ಭಾಳ ದುಡಿತದ."

ಖಂಡಪ್ಪ ಚಿತ್ತಾಪುರದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಒಂದು ಅಂಗಡಿಯ ಮುನೀಮ. ನಲವತ್ತೈದು ದಾಟಿದೆ. ಶಾಲೆಯಲ್ಲಾಗಲಿ, ಕೆಲಸದಲ್ಲಾಗಲಿ, ಮದುವೆಯ ಪಂಕ್ತಿಯಲ್ಲಾಗಲಿ ಅವನು ಎಂದೂ ಮೊದಲನೆಯವನಾಗಿರಲಿಲ್ಲ. ಹೋದ ವರ್ಷ ಕಲಬುರಗಿಯ ರೈಫಲ್ ಕ್ಲಬ್ಬಿನ ದಸರಾ ಪಂದ್ಯಕ್ಕೆ ಹೋಗಿ ಕೊನೆಯವನಾಗಿ ಬಂದಿದ್ದ. ಅಂದಿನಿಂದ ವರ್ಷವಿಡೀ ಹಿತ್ತಲಿನ ಬೇವಿನ ಮರಕ್ಕೆ ತೆಂಗಿನ ಚಿಪ್ಪು ಕಟ್ಟಿ ಸಂಜೆ ಸಂಜೆಗೆ ಹೊಡೆದಿದ್ದ. ಈಗೀಗ ಚಿಪ್ಪಿನ ಮೂರು ಕಣ್ಣುಗಳಲ್ಲಿ ಯಾವ ಕಣ್ಣು ಎಂದು ಹೇಳಿ ಹೊಡೆಯುತ್ತಿದ್ದ. ಈ ಸಲ ಗೆಲ್ಲುತ್ತೇನೆ ಎಂದು ಅವನಿಗೆ ಖಾತ್ರಿಯಿತ್ತು. ಜೀವಮಾನದಲ್ಲಿ ಮೊದಲ ಸಲ ಯಾವುದೋ ಒಂದರ ಬಗ್ಗೆ ಖಾತ್ರಿಯಿತ್ತು.

ಗನ್ನು ಕ್ಲಬ್ಬಿನವರೇ ಕೊಡುತ್ತಾರೆ. ಛರ್ರಾ ಮಾತ್ರ ಅವರವರೇ ತರಬೇಕು. ಪಂದ್ಯದ ದಿನ ಎದುರಾಳಿಗೆ ಛರ್ರಾ ಕೊಡುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

"ಗನ್ ಇರಲಿ, ಗಾಡಿ ಇರಲಿ. ಆ ಡಬ್ಬಿ ಒಂದ ಕೊಡು ಯವ್ವಾ."

"ಹೋದ ವರ್ಷ ಬಾಜೂ ಮನಿ ಅನಸುಬಾಯಿ ಗಂಡ ಪೂಜಿ ನಡಕ ಕೊಡ್ಲಿ ಎತ್ತಿದ. ಏನಾತು?"

ಹೆಬ್ಬೆರಳು ಹೋಗಿತ್ತು. ಅದು ಓಣಿಗೆಲ್ಲ ಗೊತ್ತು.

"ಅದು ಕೊಡ್ಲಿ. ಇದು ಛರ್ರಾ."

"ದೇವಿಗಿ ಎಲ್ಲಾ ಒಂದೇ."

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಆ ಪೂಜಾರಿ ಹೆತ್ತ ತಾಯಿಯೇ ಆದರೆ ಮುಗಿದೇ ಹೋಯಿತು. ಖಂಡಪ್ಪ ಚಪ್ಪಲಿ ಮೆಟ್ಟಿ ಹೊರಬಿದ್ದ.

ಎದುರು ಮನೆಯ ಕಟ್ಟೆಯ ಮೇಲೆ ಟೇಲರ್ ಮಶಾಕ, ಪಕ್ಕದ ಬಾಗಿಲಲ್ಲಿ ಅನಸುಬಾಯಿ. ಇಬ್ಬರನ್ನೂ ದಾಟದೆ ಆ ಓಣಿಯಿಂದ ಇರುವೆಯೂ ಹೊರಗೆ ಹೋಗುವಂತಿರಲಿಲ್ಲ.

"ಹಬ್ಬದ ದಿನ ನಡಕೋತ ಎಲ್ಲಿಗಿ ಖಂಡಪ್ಪಣ್ಣ?" ಎಂದ ಮಶಾಕ.

ಖಂಡಪ್ಪ ಹೇಳಿದ. ಹೇಳಿಸದೆ ಬಿಡುವವರಲ್ಲ ಅವರು. ಎಂಥ ಛರ್ರಾ, ಯಾವ ನಂಬರು, ಡಬ್ಬಿಯ ಬಣ್ಣ ಯಾವುದು ಎಂದು ಮಶಾಕ ಕೇಳಿದ. ಯಾವ ಯಾವ ಊರಿಗೆ ಹೋಗುತ್ತಿ ತಮ್ಮಾ ಎಂದು ಅನಸುಬಾಯಿ ಕೇಳಿದಳು. ವಾಡಿ, ಶಹಾಬಾದ, ಸೇಡಂ, ಅಲ್ಲೂ ಸಿಗದಿದ್ದರೆ ಚಿಂಚೋಳಿ ಎಂದ. ಈ ಮಂದಿಗೆ ಊರ ಉಸಾಬರಿ ಯಾಕೆ ಬೇಕು ಎಂದು ಮನಸ್ಸಿನಲ್ಲೇ ಬೈದುಕೊಂಡು ಸ್ಟೇಷನ್ನಿನ ದಾರಿ ಹಿಡಿದ.

ವಾಡಿಯಲ್ಲಿ ಆಟದ ಸಾಮಾನಿನ ಅಂಗಡಿಯವನು ಕೈಯಾಡಿಸಿದ. "ಖಲಾಸ್ ಆತ್ರಿ. ಈಗರ ಒಬ್ಬಾಕಿ ಬಂದು ಇದ್ದಿದ್ದೆಲ್ಲಾ ಒಯ್ದಳು."

"ಹೆಣ್ಮಗಳು? ಛರ್ರಾ?"

"ನನಗೂ ಹಂಗೇ ಅನಸ್ತು ನೋಡ್ರಿ. ಆದ್ರ ಗಿರಾಕಿನ ಯಾಕ ಅಂತ ಕೇಳಲಿಕ್ಕ ಬರ್ತದೇನು?"

ಶಹಾಬಾದದ ಮುಜೀಬನ ಅಂಗಡಿಯಲ್ಲಿ ಒಬ್ಬ ಮುದುಕ ಬಂದು ಗಾಜಿನ ಪೆಟ್ಟಿಗೆಯನ್ನು ಬರಿದು ಮಾಡಿ ಹೋಗಿದ್ದ. ಖಂಡಪ್ಪ ಅಲ್ಲೇ ಸ್ಟೂಲಿನ ಮೇಲೆ ಕುಸಿದ. ಇದು ಯಾರೋ ಎದುರಾಳಿಯದೇ ಹುನ್ನಾರ, ತನ್ನಂಥ ಬಡಪಾಯಿಗಳು ಪಂದ್ಯಕ್ಕೇ ಬರಬಾರದೆಂದು ಮಾಲೆಲ್ಲ ಕೊಂಡು ಬಚ್ಚಿಡುತ್ತಿದ್ದಾನೆ ಎಂದು ಅವನಿಗೆ ಸ್ಪಷ್ಟವಾಯಿತು. ಮುಜೀಬನ ಫೋನು ಬೇಡಿ, ಬಾಯಿಪಾಠವಾಗಿದ್ದ ನಂಬರು ಒತ್ತಿ, ಕ್ಲಬ್ಬಿನ ಸೆಕ್ರೆಟರಿ ಅರುಣಕುಮಾರರಿಗೆ ಹಚ್ಚಿದ.

"ಸಾಹೇಬ್ರೇ, ನಾ ಚಿತ್ತಾಪುರದ ಖಂಡಪ್ಪ. ಯಾವನೋ ಸುತ್ತಿನ ಊರಾಗಿನ ಛರ್ರಾ ಎಲ್ಲಾ ಬಳಕೊಂಡು ಹೊಂಟಾನ್ರಿ."

"ನನಗೂ ನಾಕ ಮಂದಿ ಅದೇ ಹೇಳ್ಯಾರ್ರಿ. ಏನ ಮಾಡೂದು?"

"ಮುಂದಿನ ಅಂಗಡಿಯವರಿಗಿ ಫೋನ್ ಮಾಡಿ, ಹಂಗ ಇದ್ದಿದ್ದೆಲ್ಲಾ ಕೊಡ್ರಿ ಅಂತ ಬಂದವರ್ನ, ಯಾರಿಗಿ ಅಂತ ಕೇಳರಿ ಅನ್ರಿ. ಹೆಸರು ಸಿಕ್ಕ ಕೂಡ್ಲೇ ಪಂದ್ಯದಿಂದ ಹೆಸರು ಕಡದು ಹಾಕ್ರಿ. ಮುಂದಿನ ವರ್ಷನೂ ಒಳಗ ಬಿಡಬ್ಯಾಡ್ರಿ. ದಯಾ ಬ್ಯಾಡ."

"ಖರೇ ಮಾತು," ಎಂದರು ಅರುಣಕುಮಾರ.

ಸೇಡಂಗೆ ಹೋಗಿ ಇಳಿಯುವ ಹೊತ್ತಿಗೆ ಅಲ್ಲಿಯೂ ಖಾಲಿ. ಬಿಸಿಲು ನೆತ್ತಿಯನ್ನು ಕಾದ ಹಂಚು ಮಾಡಿತ್ತು. ಊಟವಿಲ್ಲ, ಒಂದು ಕಾಲಿನ ಚಪ್ಪಲಿಯ ಉಂಗುಟ ಬಸ್ಸಿನ ಮೆಟ್ಟಿಲಲ್ಲೇ ಕಿತ್ತು ಹೋಗಿತ್ತು. ಮನೆಗೆ ಹೋಗಿಬಿಡಲೇ ಎಂದುಕೊಂಡ. ಆದರೆ ಕಣ್ಣು ಮುಚ್ಚಿದರೆ ಹೋದ ವರ್ಷ ತಾನು ಕೊನೆಯವನಾಗಿ ನಿಂತಾಗ ಮಂದಿ ನಕ್ಕದ್ದೇ ಕಾಣುತ್ತಿತ್ತು. ಕಾಲೆಳೆಯುತ್ತ ಚಿಂಚೋಳಿಯ ಬಸ್ಸು ಹತ್ತಿದ.

ಚಿಂಚೋಳಿಗೆ ಅಂಟಿಕೊಂಡ ಚಂದಾಪುರದಲ್ಲಿ ಕೊನೆಯ ಅಂಗಡಿ. ಅಂಗಡಿಯವನು ಇವನ ಮುಖ ನೋಡಿ ಮೊದಲು ಒಂದು ತಂಬಿಗೆ ನೀರು ಕೊಟ್ಟ.

"ಛರ್ರಾ ಇಲ್ರಿ. ಆದ್ರ ನಾ ಸುಮ್ಮ ಬಿಡ್ಲಿಲ್ಲ. ಕಲಬುರಗಿ ಸೆಕ್ರೆಟರಿ ಸಾಹೇಬ್ರು ಫೋನ್ ಮಾಡಿದ್ರಲ್ಲ, ಒಯ್ಯಾಂವನ್ನ ನಿಲ್ಲಿಸಿ ಯಾರಿಗಿ ಅಂತ ಕೇಳದೆ. ಹೆಸರು, ಊರು ಎರಡೂ ಹೇಳಿದ. ಸಾಹೇಬ್ರಿಗಿ ಮುಟ್ಟಿಸೀನಿ."

ಖಂಡಪ್ಪನಿಗೆ ದಿನದಲ್ಲಿ ಮೊದಲ ಸಲ ಉಸಿರು ಬಂತು. "ಭೇಷ್ ಮಾಡೀರಿ. ಯಾರ್ರಿ ಅಂವ?"

"ತೀರ್ಮಾನ ಆಗೋತನಕ ಯಾರಿಗೂ ಹೇಳಬ್ಯಾಡ ಅಂದಾರ್ರಿ."

"ಬ್ಯಾಡ, ಹೇಳಬ್ಯಾಡ್ರಿ," ಎಂದ ಖಂಡಪ್ಪ. ನ್ಯಾಯ ನಡೆಯುವಾಗ ಅವಸರ ಮಾಡಬಾರದು. ತನಗೆ ಛರ್ರಾ ಸಿಗದಿದ್ದರೂ ಆ ಪಾಪಿ ಗೆಲ್ಲುವುದಿಲ್ಲವಲ್ಲ ಎಂಬ ಒಂದೇ ಸಮಾಧಾನವನ್ನು ಕಟ್ಟಿಕೊಂಡು, ಕಾಳಗಿಯ ಮೇಲಿಂದ ಬರುವ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದ.

ದೀಪ ಹಚ್ಚುವ ಹೊತ್ತು. ಅವನ ಪಡಸಾಲೆಯಲ್ಲಿ ಓಣಿಯೇ ನೆರೆದಿತ್ತು. ಜಗುಲಿಯ ಮುಂದೆ ಛರ್ರಾದ ಡಬ್ಬಿಗಳು ಗೋಪುರದಂತೆ ಏರಿದ್ದವು. ಸುಂದರಬಾಯಿ ಒಂದೊಂದಕ್ಕೂ ಕುಂಕುಮವಿಡುತ್ತಿದ್ದಳು.

"ಎಲ್ಲಿ ಹಾಳಾಗಿ ಹೋಗಿದ್ದಿ ಖಂಡಪ್ಪಣ್ಣ?" ಎಂದ ಮಶಾಕ. "ನೀ ಹೊಂಟ ಕೂಡ್ಲೇ ವಾಡ್ಯಾಗಿನ ನಮ್ಮಕ್ಕಗ ಫೋನ್ ಹಚ್ಚದೆ. ಶಹಾಬಾದದಾಗ ಅನಸುಬಾಯಿ ಬೀಗರು, ಸೇಡಮ್ಮದಾಗ ನಮ್ಮ ಷಡ್ಡಕ, ಚಂದಾಪುರದಾಗ ಅವನ ದೋಸ್ತ. ಎಲ್ಲಾರೂ ಬಸ್ಸಿನ ಡ್ರೈವರ್ ಕೈಯಾಗ ಕೊಟ್ಟು ಕಳಸ್ಯಾರ. ನಿನಗ ಹೇಳಬೇಕಂದ್ರ ನಿನ್ನ ಫೋನು ಇಲ್ಲೇ ಪೂಜಿಗಿ ಕುಂತದ."

"ಇದ್ದಿದ್ದೆಲ್ಲಾ ತರ್ರಿ ಅಂತ ನಾನೇ ಹೇಳೀನಿ ತಮ್ಮಾ," ಎಂದಳು ಅನಸುಬಾಯಿ. "ಕಮ್ಮಿ ಬೀಳಬಾರದು ನೋಡು."

ಖಂಡಪ್ಪ ಗೋಪುರವನ್ನು ನೋಡಿದ, ತಾಯಿಯ ಕುಂಕುಮದ ಬೆರಳನ್ನು ನೋಡಿದ. ಎಲ್ಲವೂ ಪೂಜೆಗೆ ಕೂತಾಗಿತ್ತು. ಅವನ ಮುಖ ಬಾಡಿದ್ದು ಕಂಡು ಮಶಾಕ ಸನಿಹ ಬಂದು, ಜುಬ್ಬಾದ ಕಿಸೆಯಿಂದ ಒಂದು ಡಬ್ಬಿ ತೆಗೆದು ಗುಟ್ಟಾಗಿ ಅವನ ಕೈಗಿಟ್ಟ. "ಅಮ್ಮಗ ಗೊತ್ತಿಲ್ಲ. ಇದೊಂದು ತಗದಿಟ್ಟೀನಿ. ನಾಳಿ ಗೆದ್ದು ಬಾ."

ಖಂಡಪ್ಪನ ಕಣ್ಣು ತುಂಬಿ ಬಂತು. ಬೆಳಿಗ್ಗೆ ಇವರನ್ನು ಬೈದುಕೊಂಡಿದ್ದಕ್ಕೆ ನಾಚಿಕೆಯಾಯಿತು.

ಆಗಲೇ ಕುಡುಗೋಲಿನ ಪಕ್ಕದಲ್ಲಿ ಮೊಬೈಲು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಅರುಣಕುಮಾರರ ಹೆಸರು.

"ಎತ್ತಬ್ಯಾಡ," ಎಂದಳು ಸುಂದರಬಾಯಿ. "ಬೇಕಂದ್ರ ಅಲ್ಲೇ ಒತ್ತು."

ಖಂಡಪ್ಪ ದೇವರ ಮುಂದೆ ಮಂಡಿಯೂರಿ, ಒಂದು ಬೆರಳಿನಿಂದ ಒತ್ತಿ, ಸ್ಪೀಕರ್ ಹಾಕಿದ. ಓಣಿಯೆಲ್ಲ ಕಿವಿಯಾಯಿತು.

"ಖಂಡಪ್ಪೋರೆ, ಮಾಲು ಬಳಕೊಂಡಾಂವ ಸಿಕ್ಕಾನ್ರಿ. ಚಿತ್ತಾಪುರದ ಖಂಡಪ್ಪಗ ಅಂತ ಹೇಳಿ ಒಯ್ದಾರ. ನಮ್ಮಜ್ಜ ಹೇಳತಿದ್ದ, ಕದ್ದಾಂವನೇ ಮೊದಲ ಕೂಗತಾನಂತ. ಏನಂತೀರಿ?"

ಖಂಡಪ್ಪ ಮೊಬೈಲಿಗೆ ಇನ್ನಷ್ಟು ಬಗ್ಗಿದ. "ಸಾಹೇಬ್ರೇ, ಅದು ನಾ ಅಲ್ರಿ. ಅಂದ್ರ ನಾನೇ ಹೌದು, ಆದ್ರ ನನಗ ಗೊತ್ತಿಲ್ದಂಗ..."

ಅವನು ತೊದಲುವುದನ್ನು ಕಂಡು ಮಶಾಕನಿಗೆ ತಡೆಯಲಾಗಲಿಲ್ಲ. ಸ್ನೇಹಿತನ ನೆರವಿಗೆ ಬಂದು ಜಗುಲಿಯ ಕಡೆ ಬಗ್ಗಿ ಜೋರಾಗಿ ಹೇಳಿದ. "ಸಾಹೇಬ್ರೇ, ಅಂವಗ ಹೇಳಲಿಕ್ಕ ಸಂಕೋಚ ಆಗ್ಯಾದ. ಎಲ್ಲಾ ಖಂಡಪ್ಪಣ್ಣನವೇ ಅವ. ಇಲ್ಲೇ ಮನ್ಯಾಗ ಗೋಪುರ ಕಟ್ಟೀವ್ರಿ. ಯಾವ ಊರಾಗೂ ಒಂದೂ ಬಿಟ್ಟಿಲ್ಲ."

"ನೀವು ಹೇಳಿದಂಗೇ ಮಾಡೀವ್ರಿ," ಎಂದರು ಅರುಣಕುಮಾರ. "ಹೆಸರು ಕಡದೀವಿ. ಮುಂದಿನ ವರ್ಷದ್ದೂ."

ಫೋನು ಆರಿತು. ವಿಭೂತಿಯ ಮೇಲೆ ಬೆರಳ ಗುರುತು ಮಾತ್ರ ಉಳಿಯಿತು. ವರ್ಷವಿಡೀ ಹೊಡೆದ ಚಿಪ್ಪಿನ ಕಣ್ಣುಗಳು ಖಂಡಪ್ಪನ ಮುಂದೆ ಬಂದು ಹೋದವು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡವನಿಗೆ ಅಳುವ ಹಕ್ಕೂ ಇರುವುದಿಲ್ಲ.

"ಅದೇನದ ನಿನ್ನ ಕೈಯಾಗ?" ಎಂದಳು ಸುಂದರಬಾಯಿ.

ಖಂಡಪ್ಪ ಮುಷ್ಟಿ ಬಿಚ್ಚಿದ. ಆ ಡಬ್ಬಿಯನ್ನು ತಾನೇ ಸಾಲಿನ ಕೊನೆಯಲ್ಲಿಟ್ಟ. ತಾಯಿ ಅದಕ್ಕೂ ಕುಂಕುಮ ಹಚ್ಚಿದಳು.